ದ್ರಾಕ್ಷಿ ಸೀಮೆಯಲ್ಲಿ ಪ್ರವಾಸದ ಕಾರ್ಡು

ಪ್ರವಾಸಕ್ಕೆ ರಿಯಾಯಿತಿ ಕೊಡುವ ಕ್ರೆಡಿಟ್ ಕಾರ್ಡುಗಳ ಲಾಭನಷ್ಟವನ್ನು ಲೆಕ್ಕ ಹಾಕುವವರು ಸಾಮಾನ್ಯವಾಗಿ ಎರಡು ಸಂಗತಿಗಳನ್ನು ಪ್ರಶ್ನಿಸದೆ ಒಪ್ಪಿಕೊಂಡಿರುತ್ತಾರೆ: ಕಾರ್ಡು ಹಿಡಿದವರ ಕೈಗೆ ಪ್ರತಿ ತಿಂಗಳೂ ಸಂಬಳ ಬರುತ್ತದೆ ಎಂಬುದು ಒಂದು, ಅವರ ಮನೆಯಿಂದ ವಿಮಾನ ನಿಲ್ದಾಣ ಗಂಟೆಯೊಳಗಿನ ದಾರಿ ಎಂಬುದು ಇನ್ನೊಂದು. ವಿಜಯಪುರ ನಗರದಲ್ಲಿ ಮೊದಲನೆಯದು ಕೆಲವರ ಪಾಲಿಗಷ್ಟೇ ನಿಜ, ಎರಡನೆಯದು ಯಾರ ಪಾಲಿಗೂ ನಿಜವಲ್ಲ. ತಿಕೋಟಾ ಮತ್ತು ಬಬಲೇಶ್ವರ ತಾಲ್ಲೂಕುಗಳ ದ್ರಾಕ್ಷಿ ಬೆಳೆಗಾರರ ಮಟ್ಟಿಗಂತೂ ಎರಡೂ ಅನ್ವಯವಾಗುವುದಿಲ್ಲ. ಆದರೂ ನಗರದ ಬ್ಯಾಂಕ್ ಶಾಖೆಗಳಲ್ಲಿ, ಮೊಬೈಲಿಗೆ ಬರುವ ಕರೆಗಳಲ್ಲಿ, ರೈಲ್ವೆ ಟಿಕೆಟ್ ಕಾಯ್ದಿರಿಸುವ ಆ್ಯಪ್‌ನ ಜಾಹೀರಾತಿನಲ್ಲಿ ಇವೇ ಕಾರ್ಡುಗಳು ಈ ಸೀಮೆಯವರ ಮುಂದೆಯೂ ಬರುತ್ತಿರುವುದರಿಂದ, ಅವುಗಳ ಲೆಕ್ಕವನ್ನು ಇಲ್ಲಿನ ಹಣದ ಓಡಾಟಕ್ಕೂ ಇಲ್ಲಿನ ದಾರಿಗಳಿಗೂ ಹೊಂದಿಸಿ ನೋಡಬೇಕಾಗಿದೆ.

ರಿವಾರ್ಡ್ ಪಾಯಿಂಟ್ ಎಂದರೆ ಕಾರ್ಡಿನ ಮೂಲಕ ಮಾಡಿದ ಖರ್ಚಿಗೆ ಪ್ರತಿಯಾಗಿ ಬ್ಯಾಂಕು ಗ್ರಾಹಕನ ಹೆಸರಿನಲ್ಲಿ ಬರೆದಿಡುವ ಒಂದು ಅಂಕ. ಅದನ್ನು ಟಿಕೆಟ್ಟಿಗೋ ಹೋಟೆಲ್ ಕೋಣೆಗೋ ಉಡುಗೊರೆ ಕೂಪನ್ನಿಗೋ ಬದಲಾಯಿಸಿಕೊಂಡಾಗ ಮಾತ್ರ ಅದಕ್ಕೆ ರೂಪಾಯಿಯ ಬೆಲೆ ಬರುತ್ತದೆ. ಊಟದ ಬಿಲ್ಲನ್ನು ನಂತರ ತೀರಿಸುವ ಅನುಕೂಲಕ್ಕಾಗಿ 1950ರಲ್ಲಿ ಅಮೆರಿಕದಲ್ಲಿ ಡೈನರ್ಸ್ ಕ್ಲಬ್ ಕಾರ್ಡು ಹುಟ್ಟಿತು. ಹೆಚ್ಚು ಹಾರಾಡುವ ಪ್ರಯಾಣಿಕರಿಗೆ ಮೈಲುಗಳ ಲೆಕ್ಕದಲ್ಲಿ ಬಹುಮಾನ ಕೊಡುವ ಯೋಜನೆಯನ್ನು 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ದೊಡ್ಡ ಪ್ರಮಾಣದಲ್ಲಿ ಆರಂಭಿಸಿತು. ಮುಂದೆ ಇವೆರಡೂ ಒಂದುಗೂಡಿ ಪ್ರವಾಸದ ಕಾರ್ಡಾಯಿತು. ಭಾರತದಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ 1980ರಲ್ಲಿ ಕ್ರೆಡಿಟ್ ಕಾರ್ಡು ಹೊರತಂದರೂ, ವಿಜಯಪುರದಂಥ ಜಿಲ್ಲಾ ಕೇಂದ್ರಗಳಲ್ಲಿ ಅದು ಮಾತಿನ ವಿಷಯವಾಗಲು ದಶಕಗಳೇ ಹಿಡಿದವು.

ಪಾಯಿಂಟುಗಳ ಸಂಖ್ಯೆಗೆ ಮರುಳಾಗುವುದು ಸುಲಭ. ಒಂದು ಕಾರ್ಡು ಪ್ರತಿ 100 ರೂಪಾಯಿ ಖರ್ಚಿಗೆ 4 ಪಾಯಿಂಟ್ ಕೊಟ್ಟು ಪ್ರತಿ ಪಾಯಿಂಟಿಗೆ 25 ಪೈಸೆಯ ಬೆಲೆ ಕಟ್ಟುತ್ತದೆ, ಇನ್ನೊಂದು 150 ರೂಪಾಯಿಗೆ 2 ಪಾಯಿಂಟ್ ಕೊಟ್ಟು ಪ್ರತಿಯೊಂದಕ್ಕೂ 1 ರೂಪಾಯಿಯ ಬೆಲೆ ಕಟ್ಟುತ್ತದೆ ಎಂದಿಟ್ಟುಕೊಂಡರೆ, ಮೊದಲನೆಯದರಲ್ಲಿ ಗ್ರಾಹಕನಿಗೆ ಮರಳುವುದು ಶೇ 1 ಮಾತ್ರ, ಎರಡನೆಯದರಲ್ಲಿ ಶೇ 1.33. ಆದ್ದರಿಂದ ಎಷ್ಟು ಪಾಯಿಂಟ್ ಸಿಗುತ್ತದೆ ಎಂದು ಕೇಳುವುದಕ್ಕಿಂತ, ನೂರು ರೂಪಾಯಿ ಖರ್ಚಿಗೆ ಎಷ್ಟು ರೂಪಾಯಿಯ ಟಿಕೆಟ್ ಸಿಗುತ್ತದೆ ಎಂದು ಕೇಳುವುದು ಲೇಸು. ಹಾಗೆ ಬಂದ ಮೊತ್ತದಿಂದ ಕಾರ್ಡಿನ ವಾರ್ಷಿಕ ಶುಲ್ಕವನ್ನೂ ಆ ಶುಲ್ಕದ ಮೇಲಿನ ಶೇ 18ರ ಜಿಎಸ್‌ಟಿಯನ್ನೂ ಕಳೆದರೆ ಉಳಿಯುವುದೇ ನಿಜವಾದ ಲಾಭ. ಕಳೆದ ಮೇಲೆ ಏನೂ ಉಳಿಯದ ಕಾರ್ಡುಗಳು ಕಡಿಮೆಯೇನಲ್ಲ.

ಈ ಬಹುಮಾನದ ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ತಿಳಿಯದೆ ಮುಂದಿನ ಲೆಕ್ಕ ಅರ್ಥವಾಗುವುದಿಲ್ಲ. ಕಾರ್ಡಿನಿಂದ ಹಣ ಪಡೆದ ವ್ಯಾಪಾರಿ ಆ ಮೊತ್ತದ ಒಂದು ಸಣ್ಣ ಪಾಲನ್ನು ಬ್ಯಾಂಕಿಗೂ ಕಾರ್ಡ್ ಜಾಲಕ್ಕೂ ಬಿಟ್ಟುಕೊಡಬೇಕಾಗುತ್ತದೆ. ಇದನ್ನು ವ್ಯಾಪಾರಿ ರಿಯಾಯಿತಿ ದರ, ಅಂದರೆ ಎಂಡಿಆರ್ ಎನ್ನುತ್ತಾರೆ. ಇದೊಂದು ಮೂಲ. ಬಿಲ್ಲನ್ನು ಪೂರ್ತಿ ಕಟ್ಟದವರು ತೆರುವ ಬಡ್ಡಿ ಇನ್ನೊಂದು ಮೂಲ. ಅಮೆರಿಕದ ಕಾರ್ಡುದಾರರ ಮಾಹಿತಿಯನ್ನು ಆಧರಿಸಿ ಅಗರ್‌ವಾಲ್ ಮತ್ತಿತರ ಅರ್ಥಶಾಸ್ತ್ರಜ್ಞರು ನಡೆಸಿದ ಅಧ್ಯಯನವೊಂದು, ರಿವಾರ್ಡ್ ಕಾರ್ಡುಗಳ ಮೂಲಕ ವರ್ಷಕ್ಕೆ ಸುಮಾರು 1,500 ಕೋಟಿ ಡಾಲರ್ ಹಣ ಲೆಕ್ಕ ತಪ್ಪುವವರ ಕೈಯಿಂದ ಲೆಕ್ಕ ಇಡುವವರ ಕೈಗೆ ಹರಿಯುತ್ತದೆ ಎಂದು ಅಂದಾಜಿಸಿದೆ. ಒಬ್ಬರಿಗೆ ಪುಕ್ಕಟೆ ಸಿಕ್ಕ ಟಿಕೆಟ್ಟಿನ ಬೆಲೆಯನ್ನು ಬಾಕಿ ಉಳಿಸಿಕೊಂಡ ಇನ್ನೊಬ್ಬರು ತೆತ್ತಿರುತ್ತಾರೆ. ಹಾಗಾಗಿ ಇಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಯಾವ ಕಾರ್ಡು ಒಳ್ಳೆಯದು ಎಂಬುದಲ್ಲ. ಒಂದು ಕುಟುಂಬ ಈ ಎರಡು ಗುಂಪುಗಳಲ್ಲಿ ಯಾವುದಕ್ಕೆ ಸೇರುವ ಸಂಭವ ಹೆಚ್ಚು ಎಂಬುದು.

ದ್ರಾಕ್ಷಿ ಬೆಳೆಯ ವೇಳಾಪಟ್ಟಿಯೇ ಈ ಪ್ರಶ್ನೆಗೆ ಅರ್ಧ ಉತ್ತರ ಕೊಡುತ್ತದೆ. ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಎಂದು ಬೆಳೆಗಾರರು ಕರೆಯುವ ಎರಡು ಸವರುವಿಕೆಯ ಹಂಗಾಮುಗಳಲ್ಲಿ ಬಳ್ಳಿಯನ್ನು ಕತ್ತರಿಸಿ ಕೂಲಿ, ಗೊಬ್ಬರ, ಔಷಧಿಗೆ ಹಣ ಸುರಿಯಬೇಕು. ಹಣ್ಣು ಕೈಗೆ ಬರುವುದು ಜನವರಿಯಿಂದ ಬೇಸಿಗೆಯ ಮೊದಲ ದಿನಗಳವರೆಗೆ. ಅದನ್ನು ಶೆಡ್ಡಿನಲ್ಲಿ ಒಣಗಿಸಿ ಮಣೂಕ ಮಾಡಿದವರು ದರ ಏರುವವರೆಗೆ ಶೀತಲಗೃಹದಲ್ಲಿಟ್ಟು, ಬಳಿಕ ವಿಜಯಪುರದ ಎಪಿಎಂಸಿಯಲ್ಲೋ ಗಡಿಯಾಚೆಯ ಸಾಂಗ್ಲಿ, ತಾಸಗಾಂವ ಪೇಟೆಗಳಲ್ಲೋ ಮಾರುತ್ತಾರೆ. ಖರ್ಚು ವರ್ಷವಿಡೀ ಹರಡಿರುತ್ತದೆ, ಆದಾಯ ಒಂದೆರಡು ಸಲ ಮಾತ್ರ ಬರುತ್ತದೆ, ಅದೂ ಯಾವ ತಿಂಗಳಲ್ಲಿ ಎಂದು ಮೊದಲೇ ಹೇಳಲಾಗದು. ಈ ಅಂತರವನ್ನು ತುಂಬಲೆಂದೇ ಗೊಬ್ಬರದ ಅಂಗಡಿಯ ಉದ್ರಿ ಖಾತೆ ಬೆಳೆದುಬಂದಿದೆ. ಅಲ್ಲಿ ಸಾಹುಕಾರ ದರದಲ್ಲಿ ತುಸು ಹೆಚ್ಚು ಹಿಡಿದರೂ ಮಣೂಕ ಮಾರಾಟವಾಗುವವರೆಗೆ ಕಾಯುತ್ತಾನೆ. ಕ್ರೆಡಿಟ್ ಕಾರ್ಡು ಕೂಡ ಒಂದು ಉದ್ರಿ ಖಾತೆಯೇ, ಆದರೆ ಅದು ಕಾಯುವುದು ಹೆಚ್ಚೆಂದರೆ ಐವತ್ತು ದಿನ.

ಆ ಐವತ್ತು ದಿನದ ಲೆಕ್ಕ ಹೀಗಿದೆ: ಬಿಲ್ಲಿನ ಅವಧಿ ಸುಮಾರು ಮೂವತ್ತು ದಿನ, ಬಿಲ್ಲು ಬಂದ ಮೇಲೆ ಹಣ ಕಟ್ಟಲು ಸುಮಾರು ಇಪ್ಪತ್ತು ದಿನ. ಅವಧಿಯ ಮೊದಲ ದಿನ ಕೊಂಡ ವಸ್ತುವಿಗೆ ಪೂರ್ತಿ ಐವತ್ತು ದಿನ ಬಡ್ಡಿಯಿಲ್ಲದ ಸಾಲ ಸಿಕ್ಕರೆ, ಕೊನೆಯ ದಿನ ಕೊಂಡದ್ದಕ್ಕೆ ಇಪ್ಪತ್ತೇ ದಿನ. ಗಡುವಿನೊಳಗೆ ಒಂದು ಭಾಗವನ್ನಷ್ಟೇ ಕಟ್ಟಿದರೆ ಈ ಸವಲತ್ತು ಹೋಗುತ್ತದೆ; ಬಡ್ಡಿಯನ್ನು ಖರೀದಿಯ ದಿನದಿಂದಲೇ ಎಣಿಸುತ್ತಾರೆ, ಹೊಸ ಖರೀದಿಗೂ ಅಂದಿನಿಂದಲೇ ಬಡ್ಡಿ ಓಡತೊಡಗುತ್ತದೆ. ದರ ತಿಂಗಳಿಗೆ ಸಾಮಾನ್ಯವಾಗಿ ಶೇ 3.5ರಿಂದ 3.75, ಅಂದರೆ ವರ್ಷಕ್ಕೆ ಶೇ 42ರಿಂದ 45. ಹಳ್ಳಿಯ ಕೈಸಾಲದಲ್ಲಿ ನೂರಕ್ಕೆ ಮೂರು ಬಡ್ಡಿ ಎಂದರೆ ಜನ ಹುಬ್ಬೇರಿಸುತ್ತಾರೆ. ಹೊಳೆಯುವ ಕಾರ್ಡು ನೂರಕ್ಕೆ ಮೂರೂವರೆ ಕೇಳಿದರೆ ಅದು ಸಣ್ಣಕ್ಷರದ ಷರತ್ತುಗಳಲ್ಲಿ ಅಡಗಿಹೋಗುತ್ತದೆ. ವರ್ಷಕ್ಕೆ ಶೇ 30ಕ್ಕಿಂತ ಹೆಚ್ಚಿನ ಬಡ್ಡಿ ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಕೊಟ್ಟಿದ್ದ ಆದೇಶವನ್ನು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 20ರಂದು ತಳ್ಳಿಹಾಕಿದ್ದರಿಂದ, ಈ ದರಕ್ಕೆ ಆ ಮಿತಿಯೂ ಈಗ ಇಲ್ಲ.

ಒಂದು ತಿಂಗಳ 40,000 ರೂಪಾಯಿಯ ಬಿಲ್ಲಿನಲ್ಲಿ ಕನಿಷ್ಠ ಮೊತ್ತವೆಂದು ತೋರಿಸಿದ 2,000 ರೂಪಾಯಿಯನ್ನಷ್ಟೇ ಕಟ್ಟಿದರೆ, ಉಳಿದ 38,000ಕ್ಕೆ ಶೇ 3.5ರಂತೆ ಒಂದು ತಿಂಗಳಿಗೆ 1,330 ರೂಪಾಯಿ ಬಡ್ಡಿ, ಅದರ ಮೇಲೆ ಸುಮಾರು 239 ರೂಪಾಯಿ ಜಿಎಸ್‌ಟಿ. ಖರೀದಿಯ ದಿನದಿಂದ ಎಣಿಸಿದರೆ ಮೊತ್ತ ಇನ್ನೂ ಏರುತ್ತದೆ. ಅದೇ ಬಿಲ್ಲಿಗೆ ಶೇ 1ರಂತೆ ಸಿಗುವ ಪಾಯಿಂಟುಗಳ ಬೆಲೆ 400 ರೂಪಾಯಿ. ಬ್ಯಾಂಕು ಕನಿಷ್ಠ ಮೊತ್ತವನ್ನು ಬಿಲ್ಲಿನಲ್ಲಿ ಎದ್ದು ಕಾಣುವಂತೆ ಏಕೆ ಮುದ್ರಿಸುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಇದೇ ಸೀಮೆಯ ಬೆಳೆಗಾರನ ಎದುರಿಗೆ ಇನ್ನೊಂದು ಸಾಲದ ದಾರಿಯೂ ಇದೆ. ದೇಶದ ಸಹಕಾರ ಚಳವಳಿಯ ತವರುಗಳಲ್ಲೊಂದಾದ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಹುಟ್ಟಿದ ಪತ್ತಿನ ಸಂಘದ ಪರಂಪರೆ ವಿಜಯಪುರ ಜಿಲ್ಲೆಯ ಹಳ್ಳಿಹಳ್ಳಿಗೂ ಹಬ್ಬಿದೆ; ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳ ಮೂಲಕ ರಾಜ್ಯ ಸರ್ಕಾರ ನೀಡುವ ಶೂನ್ಯ ಬಡ್ಡಿಯ ಅಲ್ಪಾವಧಿ ಬೆಳೆಸಾಲದ ಮಿತಿಯನ್ನು 2023–24ರಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಲಾಯಿತು. 1998ರಲ್ಲಿ ಬಂದ ಕಿಸಾನ್ ಕ್ರೆಡಿಟ್ ಕಾರ್ಡಿನ ಹೆಸರಿನಲ್ಲೂ ಕ್ರೆಡಿಟ್ ಕಾರ್ಡು ಎಂಬ ಮಾತಿದೆ, ಆದರೆ ಅದು ಬೆಳೆಯ ಹಂಗಾಮಿಗೆ ಹೊಂದಿಸಿದ ಸಾಲದ ಖಾತೆ. ಅದರಲ್ಲಿ ಪಾಯಿಂಟೂ ಇಲ್ಲ, ಐವತ್ತು ದಿನದ ಗಡುವೂ ಇಲ್ಲ. ತೋಟದ ಔಷಧಿಯನ್ನು ಪಾಯಿಂಟಿನ ಆಸೆಗೆ ಪ್ರವಾಸದ ಕಾರ್ಡಿನಲ್ಲಿ ಕೊಳ್ಳುವವರು ಬಡ್ಡಿಯೇ ಇಲ್ಲದ ಸಾಲವನ್ನು ಬಿಟ್ಟು ನೂರಕ್ಕೆ ಮೂರೂವರೆಯ ಸಾಲದ ಬಾಗಿಲಿಗೆ ಹೋದಂತಾಗುತ್ತದೆ. ಮಣೂಕ ಮಾರಿದ ಹಣ ಉಳಿತಾಯ ಖಾತೆಯಲ್ಲಿರುವ ತಿಂಗಳುಗಳಲ್ಲಿ ಮಾತ್ರ, ಪ್ರತಿ ಬಿಲ್ಲನ್ನೂ ಖಾತೆಯಿಂದ ತಾನಾಗಿಯೇ ಪೂರ್ತಿ ಕಡಿತವಾಗುವಂತೆ ಬರೆದುಕೊಟ್ಟು, ಕಾರ್ಡು ಬಳಸುವುದರಲ್ಲಿ ಅರ್ಥವಿದೆ.

ತಿಂಗಳ ಸಂಬಳದ ಕುಟುಂಬಗಳ ಮಾತು ಬೇರೆ. ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ಸೈನಿಕ ಶಾಲೆ, ಬಿಎಲ್‌ಡಿಇ ಸಂಸ್ಥೆಯ ಕಾಲೇಜು–ಆಸ್ಪತ್ರೆಗಳು, ಸರ್ಕಾರಿ ಕಚೇರಿಗಳು ಇರುವ ವಿಜಯಪುರದಲ್ಲಿ ಇಂಥ ಮನೆಗಳು ಸಾಕಷ್ಟಿವೆ, ಅವರ ಮಕ್ಕಳಲ್ಲಿ ಹಲವರು ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುತ್ತಾರೆ. ಅವರ ಮುಖ್ಯ ದಾರಿ ರೈಲು; ಮೈಸೂರು–ಪಂಢರಪುರ ನಡುವೆ ಬೆಂಗಳೂರು, ಹುಬ್ಬಳ್ಳಿಗಳ ಮೂಲಕ ಓಡಾಡುವ ಗೋಲಗುಂಬಜ್ ಎಕ್ಸ್‌ಪ್ರೆಸ್ ಇಲ್ಲಿನವರ ಬಾಯಲ್ಲಿ ಮನೆಯ ಗಾಡಿಯೇ ಆಗಿಬಿಟ್ಟಿದೆ. ಹೀಗಾಗಿ ಈ ಊರಿನ ಮಟ್ಟಿಗೆ ಪ್ರವಾಸದ ಕಾರ್ಡು ಎಂದರೆ ಮೊದಲು ರೈಲಿನ ಕಾರ್ಡು.

ಐಆರ್‌ಸಿಟಿಸಿ ಮತ್ತು ಎಸ್‌ಬಿಐ ಕಾರ್ಡ್ ಸೇರಿ ತಂದಿರುವ ಪ್ಲಾಟಿನಂ ಕಾರ್ಡನ್ನು ಉದಾಹರಣೆಯಾಗಿ ನೋಡಬಹುದು. ಅದರ ಪ್ರಕಟಿತ ಷರತ್ತುಗಳಂತೆ ಮೊದಲ ವರ್ಷದ ಶುಲ್ಕ 500 ರೂಪಾಯಿ, ಜಿಎಸ್‌ಟಿ ಸೇರಿ 590. ಐಆರ್‌ಸಿಟಿಸಿಯಲ್ಲಿ ಕೊಂಡ ಹವಾನಿಯಂತ್ರಿತ ದರ್ಜೆಯ ಟಿಕೆಟ್ಟುಗಳಿಗೆ ಶೇ 10ರಷ್ಟು ಪಾಯಿಂಟ್ ರೂಪದಲ್ಲಿ ಮರಳುತ್ತದೆ, ಒಂದು ಪಾಯಿಂಟಿಗೆ ಒಂದು ರೂಪಾಯಿ. ಇತರ ಖರ್ಚಿಗೆ 125 ರೂಪಾಯಿಗೆ 1 ಪಾಯಿಂಟ್. ಮೊದಲ ವರ್ಷ 5,900 ರೂಪಾಯಿಯ ಹವಾನಿಯಂತ್ರಿತ ಟಿಕೆಟ್ ಕೊಂಡಲ್ಲಿ ಶುಲ್ಕ ಹುಟ್ಟುತ್ತದೆ, ಅಲ್ಲಿಂದ ಮುಂದಿನದು ಲಾಭ. 12,000 ರೂಪಾಯಿಯ ಟಿಕೆಟ್ ಕೊಳ್ಳುವ ಮನೆಗೆ ಆ ವರ್ಷ ಶುಲ್ಕ ಕಳೆದು 610 ರೂಪಾಯಿ ಉಳಿಯುತ್ತದೆ. ದೊಡ್ಡ ಮೊತ್ತವೇನಲ್ಲ, ಆದರೆ ಗಂಡಹೆಂಡತಿ ವರ್ಷಕ್ಕೆರಡು ಬಾರಿ ತ್ರೀ–ಟಯರ್ ಎಸಿಯಲ್ಲಿ ಮಕ್ಕಳ ಊರಿಗೆ ಹೋಗಿಬರುವ ಮನೆಯಲ್ಲಿ ನಿಜವಾಗಿ ಕೈಗೆ ಬರುವ ಮೊತ್ತ. ಮಕ್ಕಳಿಗೂ ಆಡ್–ಆನ್ ಕಾರ್ಡು, ಅಂದರೆ ಅದೇ ಖಾತೆಯ ಹೆಚ್ಚುವರಿ ಕಾರ್ಡು, ಕೊಡಿಸಿದರೆ ಪಾಯಿಂಟುಗಳು ಒಂದೇ ಕಡೆ ಸೇರುತ್ತವೆ. ಆದರೆ ಬಿಲ್ಲಿನ ಹೊಣೆ ಮಾತ್ರ ಮೂಲ ಕಾರ್ಡುದಾರರದೇ ಆಗಿರುತ್ತದೆ.

ಸ್ಲೀಪರ್ ದರ್ಜೆಯಲ್ಲಿ ಪ್ರಯಾಣಿಸುವವರಿಗೆ ಈ ಶೇ 10 ಸಿಗುವುದಿಲ್ಲ. ಅಷ್ಟೇ ಅಲ್ಲ, ಹವಾನಿಯಂತ್ರಣವಿಲ್ಲದ ದರ್ಜೆಯ ಇ–ಟಿಕೆಟ್ಟಿಗೆ ಐಆರ್‌ಸಿಟಿಸಿ ವಿಧಿಸುವ ಸೌಕರ್ಯ ಶುಲ್ಕ ಯುಪಿಐ ಮೂಲಕ ಕಟ್ಟಿದರೆ 10 ರೂಪಾಯಿ, ಬೇರೆ ವಿಧಾನದಲ್ಲಿ 15 ರೂಪಾಯಿ, ಎರಡಕ್ಕೂ ಜಿಎಸ್‌ಟಿ ಪ್ರತ್ಯೇಕ. ಸಾಮಾನ್ಯ ಕ್ರೆಡಿಟ್ ಕಾರ್ಡಾದರೆ ಇದರ ಜೊತೆಗೆ ಶೇ 1ರ ಆಸುಪಾಸಿನ ವಹಿವಾಟು ಶುಲ್ಕವೂ ಸೇರುತ್ತದೆ. 500 ರೂಪಾಯಿಯ ಸ್ಲೀಪರ್ ಟಿಕೆಟ್ಟಿಗೆ ಶೇ 1ರ ಪಾಯಿಂಟ್ ಎಂದರೆ 5 ರೂಪಾಯಿ. ಅದನ್ನು ಗಳಿಸಲು ಹೆಚ್ಚುವರಿಯಾಗಿ ತೆತ್ತದ್ದು ಅದರ ಎರಡು ಪಟ್ಟಿಗೂ ಮಿಕ್ಕಿ. ಇಲ್ಲಿ ಯುಪಿಐ ಬಿಟ್ಟು ಬೇರೇನೂ ಬೇಡ.

ಬಸ್ಸಿನ ವಿಷಯವನ್ನು ಬೇಗ ಮುಗಿಸಬಹುದು. ವಿಜಯಪುರ ವಿಭಾಗ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮಕ್ಕೆ ಸೇರಿದ್ದು, 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಮೇಲೆ ರಾಜ್ಯದೊಳಗೆ ಸಾಮಾನ್ಯ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣ ಉಚಿತವಾಗಿದೆ. ತಿಕೋಟಾದಿಂದ ವಿಜಯಪುರಕ್ಕೆ, ಬಬಲೇಶ್ವರದಿಂದ ಜಮಖಂಡಿಗೆ ಓಡಾಡುವ ಮಹಿಳೆಗೆ ಆಧಾರ್ ಕಾರ್ಡು ಕೊಡುವಷ್ಟು ಪ್ರವಾಸದ ಲಾಭವನ್ನು ಯಾವ ಪ್ಲಾಟಿನಂ ಕಾರ್ಡೂ ಕೊಡಲಾರದು.

ವಿಮಾನಯಾನದ ಕಾರ್ಡುಗಳ ವಿಷಯದಲ್ಲಿ ಈ ಸೀಮೆಯವರು ಹೆಚ್ಚು ಎಚ್ಚರ ವಹಿಸಬೇಕು. ವಿಜಯಪುರದ ಬುರಣಾಪುರ ಬಳಿಯ ವಿಮಾನ ನಿಲ್ದಾಣಕ್ಕೆ 2021ರ ಫೆಬ್ರುವರಿಯಲ್ಲಿ ಶಂಕುಸ್ಥಾಪನೆಯಾಗಿದೆ. ಅಲ್ಲಿಂದ ನಿಯಮಿತ ವಿಮಾನಗಳು ಹಾರಾಡತೊಡಗುವವರೆಗೆ ಸೊಲ್ಲಾಪುರ, ಬೆಳಗಾವಿ, ಹುಬ್ಬಳ್ಳಿಗಳಲ್ಲಿ ಒಂದಕ್ಕೆ ರಸ್ತೆಯಲ್ಲಿ ಹೋಗಬೇಕು, ಇಲ್ಲವೇ ರಾತ್ರಿಯಿಡೀ ಪ್ರಯಾಣಿಸಿ ಬೆಂಗಳೂರು, ಹೈದರಾಬಾದ್ ಇಲ್ಲವೇ ಮುಂಬೈ ಸೇರಬೇಕು. ಒಂದೇ ಕಂಪನಿಯ ವಿಮಾನವನ್ನು ಪದೇ ಪದೇ ಹತ್ತುವವರಿಗೆ ಆ ಕಂಪನಿಯ ಹೆಸರಿನ ಜಂಟಿ ಕಾರ್ಡು ಲಾಭ ತರುತ್ತದೆ. ವರ್ಷಕ್ಕೊಮ್ಮೆ, ಅದೂ ಯಾವ ಊರಿನಿಂದ ಅಗ್ಗದ ಟಿಕೆಟ್ ಸಿಕ್ಕೀತೋ ಅಲ್ಲಿಂದ ಹಾರುವವರಿಗೆ ಅದು ಕಾಲಿಗೆ ಕಟ್ಟಿದ ಹಗ್ಗ. ಮೇಲಾಗಿ ಮೈಲುಗಳ ಬೆಲೆ ಕಂಪನಿಯ ಆಯುಷ್ಯ ಇರುವವರೆಗೆ ಮಾತ್ರ. ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ಹಾರಾಟ ನಿಲ್ಲಿಸಿದಾಗ ಅದರ ವಿಮಾನಗಳಿಗೆಂದು ಕೂಡಿಟ್ಟ ಮೈಲುಗಳನ್ನು ಆ ವಿಮಾನಗಳಲ್ಲಿ ಬಳಸುವ ದಾರಿಯೇ ಮುಚ್ಚಿತು. 2024ರ ನವೆಂಬರ್ 12ರಂದು ವಿಸ್ತಾರಾ ಏರ್ ಇಂಡಿಯಾದಲ್ಲಿ ವಿಲೀನವಾದಾಗ ಅದರ ಪಾಯಿಂಟುಗಳು ಹೊಸ ಯೋಜನೆಗೆ ವರ್ಗವಾದರೂ, ಅದರ ಹೆಸರಿನ ಕಾರ್ಡುಗಳಿಗೆ ಕೊನೆ ಬಂತು. ಪಾಯಿಂಟು ಬ್ಯಾಂಕಿನಲ್ಲಿಟ್ಟ ಠೇವಣಿಯಲ್ಲ, ಅದಕ್ಕೆ ಬಡ್ಡಿಯಿಲ್ಲ, ಅದರ ಬೆಲೆಯನ್ನು ಇಳಿಸುವ ಅಧಿಕಾರ ಕೊಟ್ಟವರ ಬಳಿಯೇ ಇರುತ್ತದೆ. ಕೂಡಿಸುತ್ತ ಕೂರುವುದಕ್ಕಿಂತ ಬಂದಂತೆ ಬಳಸುವುದು ಮೇಲು.

ವಿಮಾನ ನಿಲ್ದಾಣದ ಲಾಂಜ್ ಪ್ರವೇಶ, ಅಂದರೆ ಊಟೋಪಚಾರದೊಂದಿಗೆ ಕಾಯುವ ಕೋಣೆಯ ಸೌಲಭ್ಯ, ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುತ್ತದೆ. ಹಿಂದಿನ ಮೂರು ತಿಂಗಳಲ್ಲಿ ಇಂತಿಷ್ಟು ಖರ್ಚು ಮಾಡಿದವರಿಗೆ ಮಾತ್ರ ಎಂಬ ಷರತ್ತನ್ನು ಈಚೆಗೆ ಹಲವು ಬ್ಯಾಂಕುಗಳು ಸೇರಿಸಿವೆ. ವರ್ಷಕ್ಕೊಂದು ಊಟಕ್ಕಾಗಿ ಕಾರ್ಡು ಹಿಡಿಯುವುದು ಬುದ್ಧಿವಂತಿಕೆಯಲ್ಲ. ವಿದೇಶದಲ್ಲಿರುವ ಮಕ್ಕಳ ಬಳಿಗೆ ಹೋಗುವವರೂ ಉಮ್ರಾ ಯಾತ್ರೆಗೆ ಹೋಗುವವರೂ ನೋಡಬೇಕಾದದ್ದು ಲಾಂಜನ್ನಲ್ಲ, ವಿದೇಶಿ ಕರೆನ್ಸಿಯ ಖರ್ಚಿನ ಮೇಲೆ ಬ್ಯಾಂಕು ಸೇರಿಸುವ ಮಾರ್ಕಪ್ ಶುಲ್ಕವನ್ನು. ಅದು ಅನೇಕ ಕಾರ್ಡುಗಳಲ್ಲಿ ಶೇ 3.5, ಜಿಎಸ್‌ಟಿ ಸೇರಿದರೆ ಶೇ 4.13, ಶೇ 1–2ರ ಪಾಯಿಂಟ್ ಅದನ್ನು ತುಂಬಿಕೊಡಲಾರದು.

ತಿಕೋಟಾ ಭಾಗದ ಬೆಳೆಗಾರನ ಪ್ರವಾಸ ಬಹುಪಾಲು ಸ್ವಂತ ವಾಹನದ್ದು: ತೋಟದಿಂದ ವಿಜಯಪುರಕ್ಕೆ, ವಿಜಯಪುರದಿಂದ ಸಾಂಗ್ಲಿಗೆ. ಅವನ ಪಾಲಿಗೆ ನಿಜವಾದ ಪ್ರವಾಸದ ಖರ್ಚು ಡೀಸೆಲ್. ವಿಚಿತ್ರವೆಂದರೆ ಪ್ರವಾಸದ ಹೆಸರಿನ ಬಹುತೇಕ ಕಾರ್ಡುಗಳು ಇಂಧನಕ್ಕೆ ಪಾಯಿಂಟನ್ನೇ ಕೊಡುವುದಿಲ್ಲ. ಶೇ 1ರ ಇಂಧನ ಸರ್‌ಚಾರ್ಜನ್ನು ಒಂದು ಮಿತಿಯವರೆಗೆ ಮನ್ನಾ ಮಾಡಿ ಸುಮ್ಮನಾಗುತ್ತವೆ. ತೈಲ ಕಂಪನಿಗಳೊಂದಿಗೆ ಸೇರಿ ಬ್ಯಾಂಕುಗಳು ತಂದಿರುವ ಕಾರ್ಡುಗಳು ಅದೇ ಕಂಪನಿಯ ಬಂಕಿನಲ್ಲಿ, ತಿಂಗಳ ಮಿತಿಯೊಳಗೆ, ಶೇ 4ರ ಆಸುಪಾಸಿನವರೆಗೂ ಮರಳಿಸುತ್ತವೆ. ತೋಟದ ದಾರಿಯಲ್ಲಿರುವ ಬಂಕು ಯಾವ ಕಂಪನಿಯದು ಎಂಬುದನ್ನು ನೋಡಿ ಕಾರ್ಡು ಆರಿಸುವ ಬೆಳೆಗಾರನಿಗೆ, ಮೈಲುಗಳ ಕಾರ್ಡು ಹಿಡಿದ ನಗರದ ಗೆಳೆಯನಿಗಿಂತ ಹೆಚ್ಚು ದಕ್ಕೀತು.

ಅಂಗಡಿಯಲ್ಲಿ ಕಾರ್ಡು ಉಜ್ಜಿದರೆ ಶೇ 2 ಹೆಚ್ಚು ಕೊಡಬೇಕು ಎನ್ನುವ ರೂಢಿ ಸಣ್ಣ ಊರುಗಳಲ್ಲಿ ಇನ್ನೂ ಉಳಿದಿದೆ. ವ್ಯಾಪಾರಿ ತನ್ನ ಮೇಲೆ ಬೀಳುವ ಎಂಡಿಆರ್ ಅನ್ನು ಗ್ರಾಹಕನ ಮೇಲೆ ಹಾಕುವ ಕ್ರಮ ಇದು. ಇಲ್ಲಿ ಶೇ 1ರ ಪಾಯಿಂಟಿಗಾಗಿ ಶೇ 2 ತೆರುವುದು ಕಣ್ಣಾರೆ ಕಾಣುವ ನಷ್ಟ. 2022ರ ಸೆಪ್ಟೆಂಬರಿನಲ್ಲಿ ಆರಂಭವಾದ ಒಂದು ವ್ಯವಸ್ಥೆ ಈ ತೊಡಕನ್ನು ತುಸು ಸಡಿಲಿಸಿದೆ: ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐ ಆ್ಯಪ್‌ಗೆ ಜೋಡಿಸಿ ವ್ಯಾಪಾರಿಯ ಕ್ಯುಆರ್ ಕೋಡ್ ಮೂಲಕ ಹಣ ಕಟ್ಟಬಹುದು, ಸಣ್ಣ ವ್ಯಾಪಾರಿಗಳಿಗೆ 2,000 ರೂಪಾಯಿವರೆಗಿನ ವಹಿವಾಟಿಗೆ ಎಂಡಿಆರ್ ಇಲ್ಲ. ಒಬ್ಬ ವ್ಯಕ್ತಿಯ ಖಾತೆಯಿಂದ ಇನ್ನೊಬ್ಬ ವ್ಯಕ್ತಿಗೆ ಹಣ ಕಳಿಸಲು ಮಾತ್ರ ಇದು ನಡೆಯುವುದಿಲ್ಲ, ಹಾಗಾಗಿ ಕೂಲಿಯವರಿಗೆ ಸಂಬಳ ಕೊಡಲು ಉಪಯೋಗವಿಲ್ಲ.

ಕಾರ್ಡು ಬೇಕೆಂದು ಹೋದ ಬೆಳೆಗಾರನಿಗೆ ಬ್ಯಾಂಕು ಮೊದಲು ಕೇಳುವುದು ಸಂಬಳದ ಚೀಟಿ, ಇಲ್ಲವೇ ಆದಾಯ ತೆರಿಗೆಯ ರಿಟರ್ನ್ಸ್. ಕೃಷಿ ಆದಾಯಕ್ಕೆ ತೆರಿಗೆ ವಿನಾಯಿತಿ ಇರುವುದರಿಂದ ಲಕ್ಷಗಟ್ಟಲೆ ಮಣೂಕ ಮಾರುವವರ ಬಳಿಯೂ ಈ ಎರಡೂ ಕಾಗದ ಇರುವುದಿಲ್ಲ. ನಿಶ್ಚಿತ ಠೇವಣಿಯ ಆಧಾರದ ಮೇಲೆ ಕೊಡುವ ಕಾರ್ಡು ಇದಕ್ಕೆ ದಾರಿ. ಹಂಗಾಮಿನ ಹಣದಲ್ಲಿ ಒಂದಿಷ್ಟನ್ನು ಠೇವಣಿಯಿಟ್ಟರೆ ಅದರ ಬಹುಭಾಗಕ್ಕೆ ಸಮನಾದ ಮಿತಿಯ ಕಾರ್ಡು ಸಿಗುತ್ತದೆ, ಠೇವಣಿಗೆ ಬಡ್ಡಿ ಬರುತ್ತಲೇ ಇರುತ್ತದೆ. ಹಂಗಾಮಿನ ಆದಾಯದವರಿಗೆ ಇದೇ ಹೆಚ್ಚು ಸುರಕ್ಷಿತ ಎಂದೂ ಹೇಳಬಹುದು, ಏಕೆಂದರೆ ಸಾಲ ಕೈಯಲ್ಲಿರುವ ಹಣವನ್ನು ಮೀರಿ ಬೆಳೆಯಲಾರದು.

ಕಾರ್ಡು ಕೈಗೆ ಬಂದ ಮೇಲೆ ಇನ್ನೊಂದು ಎಚ್ಚರವೂ ಬೇಕು: ಪಾಯಿಂಟುಗಳು ಇಂದು ರಾತ್ರಿಯೇ ರದ್ದಾಗುತ್ತವೆ ಎಂದು ಲಿಂಕ್ ಕಳಿಸುವ, ಆ್ಯಪ್ ಹಾಕಿಕೊಳ್ಳಲು ಒತ್ತಾಯಿಸುವ ಸಂದೇಶಗಳು ವಂಚನೆಯವು ಎಂದೇ ತಿಳಿಯಬೇಕು. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930 ಸಂಖ್ಯೆಗೆ ದೂರು ಕೊಡಬೇಕು.

ರಿಸರ್ವ್ ಬ್ಯಾಂಕು 2022ರ ಏಪ್ರಿಲ್ 21ರಂದು ಹೊರಡಿಸಿದ ನಿರ್ದೇಶನಗಳು ಗ್ರಾಹಕನ ಕೈಗೆ ಕೆಲವು ಹಿಡಿತಗಳನ್ನು ಕೊಟ್ಟಿವೆ. ಕೇಳದೆ ಕಾರ್ಡು ಕೊಟ್ಟು ಬಿಲ್ಲು ಹಾಕಿದರೆ ಬ್ಯಾಂಕು ಆ ಮೊತ್ತವನ್ನು ಹಿಂತಿರುಗಿಸುವುದರ ಜೊತೆಗೆ ಅದರ ಎರಡರಷ್ಟು ದಂಡ ತೆರಬೇಕು. ಗಡುವು ಮೀರಿ ಮೂರು ದಿನ ಕಳೆಯುವ ಮುನ್ನ ತಡಪಾವತಿಯ ದಂಡ ಹಾಕುವಂತಿಲ್ಲ. ಗ್ರಾಹಕನ ಒಪ್ಪಿಗೆಯಿಲ್ಲದೆ ಸಾಲದ ಮಿತಿ ಏರಿಸುವಂತಿಲ್ಲ. ಮೊದಲ ವರ್ಷ ಉಚಿತವೆಂದು ಪಡೆದ ಕಾರ್ಡು ಎರಡನೆಯ ವರ್ಷದ ಶುಲ್ಕಕ್ಕೆ ತಕ್ಕ ಲಾಭ ಕೊಡದೆಂದು ಕಂಡರೆ, ಉಳಿದ ಪಾಯಿಂಟುಗಳನ್ನು ಮೊದಲು ಟಿಕೆಟ್ಟಿಗೆ ಬಳಸಿ, ಬಾಕಿ ತೀರಿಸಿ, ಬರಹದಲ್ಲಿ ಇಲ್ಲವೇ ಆ್ಯಪ್‌ನಲ್ಲಿ ಮುಚ್ಚುವ ಕೋರಿಕೆ ಸಲ್ಲಿಸಬಹುದು. ಬಾಕಿ ಇಲ್ಲದ ಕಾರ್ಡನ್ನು ಏಳು ಕೆಲಸದ ದಿನಗಳೊಳಗೆ ಮುಚ್ಚದಿದ್ದರೆ, ಮುಚ್ಚುವವರೆಗಿನ ಪ್ರತಿ ದಿನಕ್ಕೆ 500 ರೂಪಾಯಿಯಂತೆ ಬ್ಯಾಂಕೇ ಗ್ರಾಹಕನಿಗೆ ಕೊಡಬೇಕು.